ಪವರ್ ಸ್ಟೀರಿಂಗ್ ಅವರು ಸರಿಹೋದದ್ದರ ವಿರುದ್ಧ ಒಂದು ದೂರು

ಗ್ರಾನ್‌ಸೆಲೆ ಮೋಟಾರ್ ಕ್ಲಬ್ಬಿನ ಸೂಚನಾ ಫಲಕದ ಮೂಲಕ,
ಸದ್ಯ ತೂರ್‌ಸ್ಟೆನ್ ಅವರ ಹುಲ್ಲಿನ ಕೊಟ್ಟಿಗೆಯಲ್ಲಿ ತಂಗಿರುವ
ನೀಲಿ ಕಾರಿನ ಪವರ್ ಸ್ಟೀರಿಂಗ್ ಅವರಿಗೆ.

ಮಾನ್ಯರೇ,

ತಮಗೆ ಪತ್ರ ಬರೆಯುವ ಅಧಿಕಪ್ರಸಂಗಕ್ಕೆ ಮೊದಲು ಕ್ಷಮೆ ಕೇಳಿಬಿಡುತ್ತೇನೆ. ಒಂದು ಪಂಪು, ಒಂದು ಎಣ್ಣೆ ಡಬ್ಬಿ, ನಾಲ್ಕಾರು ರಬ್ಬರ್ ಕೊಳವೆ, ಚಕ್ರಗಳನ್ನು ಅತ್ತಿತ್ತ ನೂಕುವ ಒಂದು ಕಬ್ಬಿಣದ ದಂಡ, ಇಷ್ಟನ್ನು ಒಟ್ಟಾಗಿ 'ಮಾನ್ಯರೇ' ಎಂದು ಕರೆಯಬಹುದೋ ಬಾರದೋ ಎಂಬ ಅನುಮಾನದಲ್ಲೇ ಈಗಾಗಲೇ ಹಲವು ಹಾಳೆಗಳನ್ನು ಹರಿದಿದ್ದೇನೆ. ನನ್ನ ಅಮ್ಮ ಇಂಗ್ಲೆಂಡಿನವಳು, ಅಪ್ಪ ಇಲ್ಲಿಯ, ಸ್ವೀಡನ್ನಿನವನು, ನಾನು ಓದಿದ್ದೆಲ್ಲ ಇಂಗ್ಲೆಂಡಿನ ಹಾಸ್ಟೆಲ್ಲಿನಲ್ಲಿ. ಅಲ್ಲಿ ಊಟದ ಸಾಲಿನಲ್ಲಿ ಯಾರಾದರೂ ನನ್ನ ಕಾಲು ತುಳಿದರೆ ಸಾರಿ ಎನ್ನುತ್ತಿದ್ದವಳು ನಾನೇ. ಅಂಥವಳು ದೂರು ಬರೆಯಲು ಕೂತಿದ್ದಾಳೆ ಎಂದರೆ ತಾವು ಎಷ್ಟು ದೊಡ್ಡ ಅನ್ಯಾಯ ಮಾಡಿರಬಹುದು ಎಂಬುದನ್ನು ತಾವೇ ಊಹಿಸಿಕೊಳ್ಳಬೇಕಾಗಿ ಪ್ರಾರ್ಥನೆ.

ಖುದ್ದಾಗಿ ಬಂದು ಹೇಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ಬರುವಂತಿಲ್ಲ. ತಾವೀಗ ಇನ್ನೊಬ್ಬರ ಸ್ವತ್ತು. ಇನ್ನೊಬ್ಬರ ಕೊಟ್ಟಿಗೆಗೆ ನುಗ್ಗಿ ಬಾನೆಟ್ ಎತ್ತುವುದು ಕಳ್ಳತನಕ್ಕೆ ಹತ್ತಿರದ ಕೆಲಸ. ಆದ್ದರಿಂದ ಈ ಪತ್ರವನ್ನು ಬಹಿರಂಗವಾಗಿ, ಕ್ಲಬ್ಬಿನ ಫಲಕದ ಮೇಲೆ, ಕಳೆದುಹೋದ ಕೈಗವಸಿನ ಚೀಟಿಯ ಪಕ್ಕದಲ್ಲಿ ಅಂಟಿಸುತ್ತಿದ್ದೇನೆ.

ಹಿನ್ನೆಲೆಯನ್ನು ತಾವು ಬಲ್ಲಿರಿ. ಆದರೂ ಹಿನ್ನೆಲೆ ಇಲ್ಲದ ದೂರನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲವಾದ್ದರಿಂದ ಬರೆಯುತ್ತೇನೆ. ನಮ್ಮ ಫೋಲ್ಕ್‌ರೇಸ್‌ನಲ್ಲಿ, ಅಂದರೆ ಹಳೆಯ ಕಾರುಗಳನ್ನು ಜಲ್ಲಿ ಹಾದಿಯಲ್ಲಿ ಓಡಿಸುವ ನಮ್ಮ ಬಡವರ ರೇಸಿನಲ್ಲಿ, ಓಡುವ ಪ್ರತಿಯೊಂದು ಕಾರೂ ಮಾರಾಟಕ್ಕಿದ್ದಂತೆಯೇ. ಓಟ ಮುಗಿದ ಮೇಲೆ ಲೈಸೆನ್ಸ್ ಇರುವ ಯಾರು ಬೇಕಾದರೂ ಯಾರ ಕಾರಿಗೆ ಬೇಕಾದರೂ ಚೀಟಿ ಹಾಕಬಹುದು. ಬೆಲೆ ಎಲ್ಲ ಕಾರಿಗೂ ಒಂದೇ, ಹೆಚ್ಚೆಂದರೆ ಒಂದು ಒಳ್ಳೆಯ ಸೈಕಲ್ಲಿಗೆ ಕೊಡುವಷ್ಟು. ಒಂದು ಕಾರಿಗೆ ಹಲವು ಚೀಟಿ ಬಿದ್ದರೆ ಹೆಲ್ಮೆಟ್ಟಿನಲ್ಲಿ ಕಲಸಿ ಒಂದನ್ನು ಎತ್ತುತ್ತಾರೆ, ಯಾರ ಹೆಸರು ಬಂತೋ ಅವರಿಗೆ ಕಾರು. ಕೊಡುವುದಿಲ್ಲ ಎಂದರೆ ಲೈಸೆನ್ಸ್ ಹೋಗುತ್ತದೆ. ಮಾಲೀಕರಾಗಲಿ ಅವರ ಮನೆಯವರಾಗಲಿ ತಮ್ಮ ಕಾರಿಗೆ ತಾವೇ ಚೀಟಿ ಹಾಕಿಕೊಳ್ಳುವಂತಿಲ್ಲ. ದುಡ್ಡು ಸುರಿದು ಯಾರೂ ಗೆಲ್ಲಬಾರದು ಎಂಬ ಘನ ಉದ್ದೇಶದಿಂದ ಹಿರಿಯರು ಮಾಡಿದ ನಿಯಮವಿದು. ಇದರ ಫಲವಾಗಿ ನಮ್ಮಲ್ಲಿ ಒಳ್ಳೆಯ ಕಾರಿನ ಮೊದಲ ಲಕ್ಷಣವೆಂದರೆ ಅದು ಕೆಟ್ಟದಾಗಿ ಕಾಣುವುದು. ತುಕ್ಕು ಹಿಡಿದರೆ ಸಂತೋಷಪಡುತ್ತೇವೆ. ಬಾಗಿಲು ನೆಗ್ಗಿದರೆ ಹಾಗೇ ಬಿಡುತ್ತೇವೆ. ಹೋದ ವರ್ಷ ಒಬ್ಬರು ತಮ್ಮ ಹೊಸ ಪೇಂಟಿನ ಮೇಲೆ ತಾವೇ ಸಗಣಿನೀರು ಎರಚಿಕೊಂಡಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ನಾನು ನಗರದ ಕಾಲೇಜಿನಲ್ಲಿ ಯಂತ್ರಶಾಸ್ತ್ರದ ಮೊದಲ ವರ್ಷಕ್ಕೆ ಸೇರಿ, ಪ್ರತಿ ಶುಕ್ರವಾರ ಬಸ್ಸು ಹತ್ತಿ ಗುನ್‌ವೋರ್ ಅತ್ತೆಯ ಮನೆಗೆ ಬರತೊಡಗಿದಾಗ ತಮ್ಮ ಪರಿಚಯವಾಯಿತು. ಅಪ್ಪನ ಅಕ್ಕ ಗುನ್‌ವೋರ್ ಅತ್ತೆ ತನ್ನ ಯೌವನವನ್ನೆಲ್ಲ ಈ ಜಲ್ಲಿ ಹಾದಿಯಲ್ಲೇ ಕಳೆದವಳು. ಈಗ ಅವಳ ಭುಜ ಮೇಲೇಳುವುದಿಲ್ಲ, ಡಾಕ್ಟರು ಹೆಲ್ಮೆಟ್ಟನ್ನು ಗೋಡೆಗೆ ನೇತುಹಾಕಿ ಎಂದಿದ್ದಾರೆ. ಅವಳು ಹೆಲ್ಮೆಟ್ಟನ್ನು ನನ್ನ ತಲೆಗೆ ನೇತುಹಾಕಿದಳು. ಚಳಿಗಾಲವಿಡೀ ನಾವಿಬ್ಬರೂ ಸೇರಿ ಆ ನೀಲಿ ಕಾರಿನ ಗಾಜುಗಳನ್ನು ಬಿಚ್ಚಿದೆವು, ಹಿಂದಿನ ಸೀಟು ಕಿತ್ತೆವು, ಒಳಗೆ ಕಬ್ಬಿಣದ ಪಂಜರ ಕೂರಿಸಿದೆವು, ಬಾಗಿಲುಗಳಿಗೆ ಬೆಸುಗೆ ಹಾಕಿದೆವು. ನನಗೆ ಇದರಲ್ಲಿ ಎಷ್ಟು ಸುಖವಾಗುತ್ತಿತ್ತು ಎಂಬುದನ್ನು ಯಾರಿಗೂ ಹೇಳಿರಲಿಲ್ಲ, ತಮಗೆ ಹೇಳುತ್ತೇನೆ. ಹಾಸ್ಟೆಲ್ಲಿನಲ್ಲಿ ನನ್ನನ್ನು ಸ್ವೀಡನ್ ಎನ್ನುತ್ತಿದ್ದರು, ಇಲ್ಲಿ ಇಂಗ್ಲೆಂಡು ಎನ್ನುತ್ತಾರೆ. ಬಾನೆಟ್ಟಿನ ಕೆಳಗೆ ತಲೆ ಹಾಕಿದಾಗ ಮಾತ್ರ ಯಾರೂ ಏನೂ ಎನ್ನುವುದಿಲ್ಲ, ಸ್ಪ್ಯಾನರ್ ಕೊಡು ಎನ್ನುತ್ತಾರೆ. ಆ ಕಾರನ್ನು ಒಂದೆರಡು ವರ್ಷವಾದರೂ ನಮ್ಮಲ್ಲೇ ಉಳಿಸಿಕೊಳ್ಳಬೇಕು ಎಂಬುದಷ್ಟೇ ನನ್ನ ಆಸೆಯಾಗಿತ್ತು. ಗೆಲ್ಲುವ ಆಸೆ ಅತ್ತೆಯದು.

ಆಗ ತಾವು ನರಳಲು ಶುರು ಮಾಡಿದಿರಿ.

ಹಿಮ ಕರಗಿ ಅಂಗಳ ಕಾಣಿಸಿದ ದಿನ ಮೊದಲ ಬಾರಿಗೆ ಕಾರನ್ನು ಶೆಡ್ಡಿನಿಂದ ಹೊರತಂದು ಎಡಕ್ಕೆ ತಿರುಗಿಸಿದೆ. ಬಾನೆಟ್ಟಿನೊಳಗಿಂದ ಬಂದ ಆ ಧ್ವನಿಯನ್ನು ಹೇಗೆ ವರ್ಣಿಸಲಿ! ಭಾರವಾದ ಮಂಚವನ್ನು ಹಲಗೆಯ ನೆಲದ ಮೇಲೆ ಯಾರೋ ಮನಸ್ಸಿಲ್ಲದೆ ಎಳೆದ ಹಾಗೆ. ಸ್ಟೀರಿಂಗ್ ಚಕ್ರ ಒಂದು ಗಳಿಗೆ ಹಗುರ, ಮರುಗಳಿಗೆ ಕಲ್ಲು. ಅತ್ತೆಯ ಶೆಡ್ಡಿಗೆ ಪ್ರತಿ ಶನಿವಾರ ಕಾಫಿಗೆ ಬಂದು, ಏಲಕ್ಕಿ ಬನ್ನು ತಿಂದು, ಪ್ರತಿಯಾಗಿ ಉಪದೇಶ ಕೊಟ್ಟು ಹೋಗುವ ತೂರ್‌ಸ್ಟೆನ್ ಅವರು ಅಂದೂ ಇದ್ದರು. ಕೆರೆಯಾಚೆ ಹಸು ಸಾಕಿಕೊಂಡಿರುವ ಅವರು ಕಪ್ಪನ್ನು ಕೆಳಗಿಡದೆ ಘೋಷಿಸಿದರು: "ಏ ಇಂಗ್ಲೆಂಡು, ಇದು ಸ್ಟೀರಿಂಗ್ ಅಲ್ಲ, ಕರು ಹಾಕ್ತಿರೋ ಹಸು. ಬಿಸಿನೀರು ತಗೊಂಬಾ." ಅತ್ತೆ ಸುಮ್ಮನಿರಲಿಲ್ಲ: "ಲೋ ತೂರ್‌ಸ್ಟೆನ್ನಾ, ನಿನ್ನ ಕಾರಿಗೆ ನೆಟ್ಟಗೆ ಹೋಗೋಕೇ ಬರಲ್ಲ. ಬೇರೆಯೋರ ಕಾರು ತಿರುಗೋ ವಿಚಾರ ನಿನಗ್ಯಾಕೆ? ತಿನ್ನು ಬನ್ನು."

ತಮ್ಮ ಸೇವೆಯಲ್ಲಿ ನಾವು ಏನು ತಾನೇ ಕಡಿಮೆ ಮಾಡಿದೆವು, ಮಾನ್ಯರೇ? ಮೊದಲು ಡಬ್ಬಿಯ ಮುಚ್ಚಳ ತೆಗೆದು ಎಣ್ಣೆ ನೋಡಿದೆವು. ಕೆಂಪಗೆ ತಿಳಿಯಾಗಿ ಇರಬೇಕಾದದ್ದು ಸ್ಟ್ರಾಬೆರಿ ಹಾಲಿನಂತೆ ನೊರೆ ನೊರೆಯಾಗಿ ಉಕ್ಕಿ ನನ್ನ ಹೊಸ ಕೋಟಿನ ಮೇಲೆ ಅಭಿಷೇಕವಾಯಿತು. ಹಳೆಯ ಎಣ್ಣೆಯನ್ನು ಪೂರ್ತಿ ತೆಗೆದು ಹೊಸದು ತುಂಬಿದೆವು. ತಾವು ಹೊಸದನ್ನೂ ಮೊಸರು ಕಡೆದ ಹಾಗೆ ಕಡೆದಿರಿ. ಆಮೇಲೆ ತಮ್ಮ ಪಂಪನ್ನು ತಿರುಗಿಸುವ ಬೆಲ್ಟು ಸಡಿಲವಾಗಿರಬಹುದೆಂದು ಅದನ್ನು ಬಿಗಿಗೊಳಿಸಿದೆವು. ಕಿರ್ರೆನ್ನುವುದು ನಿಂತಿತು, ನರಳುವುದು ನಿಲ್ಲಲಿಲ್ಲ. ಎಂದರೆ ತಾವು ಎರಡು ದನಿಯಲ್ಲಿ ಅಳುತ್ತಿದ್ದವರು ಒಂದೇ ದನಿಗೆ ಇಳಿದಿರಿ. ನೊರೆ ಬರುತ್ತಿದೆ ಎಂದರೆ ಎಣ್ಣೆಯೊಳಗೆ ಗಾಳಿ ಸೇರಿದೆ ಎಂದರ್ಥವಾದ್ದರಿಂದ ಗಾಳಿ ಬಿಡಿಸುವ ಶಾಸ್ತ್ರಕ್ಕೂ ಇಳಿದೆವು: ಮುಂದಿನ ಚಕ್ರಗಳನ್ನು ಜಾಕಿನ ಮೇಲೆ ಎತ್ತಿ, ಇಂಜಿನ್ ಆಫ್ ಮಾಡಿ, ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ನಿಧಾನವಾಗಿ ತಿರುಗಿಸುತ್ತಾ, ಡಬ್ಬಿಯಲ್ಲಿ ಗುಳ್ಳೆ ಬರುವುದು ನಿಲ್ಲುವ ತನಕ ಕಾಯುವುದು. ನಿಂತಿತು. ತಾವು ಊಟದ ಹೊತ್ತಿನವರೆಗೆ ಸಜ್ಜನರಾಗಿದ್ದಿರಿ. ಊಟ ಮುಗಿಸಿ ಬಂದು ಇಂಜಿನ್ ಹಚ್ಚಿದರೆ ಮತ್ತದೇ ಮಂಚ, ಅದೇ ಹಲಗೆ.

ಗುಜರಿಯಿಂದ ಇನ್ನೊಂದು ಪಂಪು ತಂದು ಜೋಡಿಸಿದ್ದನ್ನು ತಾವು ಅವಮಾನವೆಂದು ಭಾವಿಸಿರಬಹುದು. ಆ ಪಂಪೂ ತಮ್ಮ ಸಹವಾಸದಲ್ಲಿ ಕೆಟ್ಟು ಅದೇ ರಾಗ ಹಾಡಿತು ಎಂಬುದನ್ನು ಮಾತ್ರ ದಾಖಲೆಗಾಗಿ ಬರೆಯುತ್ತೇನೆ. ಇಷ್ಟು ಹೊತ್ತಿಗೆ ಕ್ಲಬ್ಬಿನ ಪ್ರತಿಯೊಬ್ಬರೂ ಒಂದೊಂದು ಕಾಯಿಲೆಯ ಹೆಸರು ಹೇಳಿಯಾಗಿತ್ತು. ಕಾರಣ ಚಳಿ ಎಂದರು, ಟೈರು ಅಗಲ ಎಂದರು, ಒಬ್ಬರಂತೂ ನಾನು ಇಂಗ್ಲೆಂಡಿನಲ್ಲಿ ಬೆಳೆದವಳಾದ್ದರಿಂದ ಕಾರಿನ ಬಲಗಡೆ ಕೂತೇ ಅಭ್ಯಾಸ, ಆದ್ದರಿಂದ ಎಡಕ್ಕೆ ತಿರುಗಿಸುವಾಗ ಅರ್ಧ ಮನಸ್ಸಿನಿಂದ ತಿರುಗಿಸುತ್ತೇನೆ ಎಂದರು. ಎಲ್ಲರಿಗೂ ಧನ್ಯವಾದ ಹೇಳಿದೆ. ಅತ್ತ ಕಾಲೇಜಿನಲ್ಲಿ ದ್ರವಗಳ ಪರೀಕ್ಷೆ ಹತ್ತಿರ ಬರುತ್ತಿತ್ತು. ನಾನು ಲೈಬ್ರರಿಯಲ್ಲಿ ಕೂತು ಪುಸ್ತಕದ ಕೊಳವೆಗಳ ಚಿತ್ರ ನೋಡುತ್ತಾ ತಮ್ಮನ್ನೇ ನೆನೆಯುತ್ತಿದ್ದೆ. ಯಾರಾದರೂ ಕುರ್ಚಿ ಎಳೆದರೂ ಬೆಚ್ಚಿಬೀಳುತ್ತಿದ್ದೆ.

ತಮ್ಮ ಗುಟ್ಟು ಬಯಲಾದದ್ದು ನನ್ನ ಜಾಣತನದಿಂದಲ್ಲ, ಶುಚಿತ್ವದ ಗೀಳಿನಿಂದ. ಕಳೆದ ಶರತ್ಕಾಲದಲ್ಲಿ ಕಾರಿನ ಮೂತಿಗೆ ಪೆಟ್ಟು ಬಿದ್ದು ಜಾಗ ಸಾಲದಾದಾಗ ಅತ್ತೆ ತಮ್ಮ ಎಣ್ಣೆ ಡಬ್ಬಿಯನ್ನು ಮೊದಲಿದ್ದ ಎತ್ತರದಿಂದ ಕಿತ್ತು, ಹೆಡ್‌ಲೈಟ್ ತೆಗೆದು ಖಾಲಿಯಾಗಿದ್ದ ಗೂಡಿನಲ್ಲಿ, ತೀರಾ ಕೆಳಗೆ, ಪಟ್ಟಿ ಬಿಗಿದು ಕೂರಿಸಿದ್ದಳು. ಅಂದು ಅತ್ತೆ ಒಳಗೆ ಕೂತು ಇಂಜಿನ್ ಓಡಿಸುತ್ತಾ ನೋಯದ ಕೈಯಿಂದ ಸ್ಟೀರಿಂಗ್ ತಿರುಗಿಸುತ್ತಿದ್ದಳು, ತಾವು ಎಂದಿನಂತೆ ನರಳುತ್ತಿದ್ದಿರಿ. ಡಬ್ಬಿಯ ತಳದಲ್ಲಿ ಅಂಟಿದ ನೊರೆ ನೋಡಲಾರದೆ ನಾನು ಪಟ್ಟಿ ಸಡಿಲಿಸಿ, ಕೊಳವೆ ಸಮೇತ ಡಬ್ಬಿಯನ್ನು ಎದೆಯ ಮಟ್ಟಕ್ಕೆ ಎತ್ತಿ ಒರೆಸತೊಡಗಿದೆ. ಒರೆಸುತ್ತಿದ್ದಂತೆ ನೊರೆ ಇಳಿಯಿತು. ತಾವು ಸುಮ್ಮನಾದಿರಿ. ಅತ್ತೆ ಕಿಟಕಿಯಿಂದ ತಲೆ ಹಾಕಿ ಕೂಗಿದಳು:

"ಏನೇ ಮಾಡ್ದೆ?"

"ಏನೂ ಮಾಡಿಲ್ಲ ಅತ್ತೆ, ಸಾರಿ!"

"ಸಾರಿ ಗೀರಿ ಆಮೇಲೆ. ಏನೂ ಮಾಡ್ಲಿಲ್ವಲ್ಲ, ಅದನ್ನೇ ಇನ್ನೊಂದ್ಸಲ ಮಾಡು!"

ಡಬ್ಬಿ ಇಳಿಸಿದೆ, ನರಳಿದಿರಿ. ಎತ್ತಿದೆ, ಸುಮ್ಮನಾದಿರಿ. ಇಳಿಸಿದೆ. ಎತ್ತಿದೆ. ಅತ್ತೆ ನಗುತ್ತಾ ಹಾರ್ನ್ ಒತ್ತಲು ಹೋಗಿ, ಹಾರ್ನನ್ನೂ ನಾವೇ ಕಿತ್ತುಹಾಕಿದ್ದು ನೆನಪಾಗಿ ಬಾಯಲ್ಲೇ ಪೀಂ ಎಂದಳು. ಡಬ್ಬಿ ಪಂಪಿಗಿಂತ ಮೇಲಿದ್ದಾಗ ಎಣ್ಣೆ ತನ್ನ ಭಾರಕ್ಕೆ ತಾನೇ ಹರಿದು ಬರುತ್ತಿತ್ತು. ಕೆಳಗಿಟ್ಟಾಗ ತಾವು ಅದನ್ನು ಉದ್ದ ಕೊಳವೆಯಲ್ಲಿ ಹೀರಿ ಮೇಲೆಳೆಯಬೇಕಾಗಿ, ಹೀರುವ ರಭಸಕ್ಕೆ ಕೊಳವೆಯ ಸಡಿಲ ಕೀಲಿನಿಂದ ಗಾಳಿಯನ್ನೂ ಎಳೆದುಕೊಳ್ಳುತ್ತಿದ್ದಿರಿ. ಗಾಳಿ ಒಳಕ್ಕೆ ಹೋಗುತ್ತಿತ್ತು, ಎಣ್ಣೆ ಹೊರಕ್ಕೆ ಬರುತ್ತಿರಲಿಲ್ಲ. ಒಂದು ಹನಿಯನ್ನೂ ನೆಲಕ್ಕೆ ಬೀಳಿಸದೆ ಸೋರುವ ಕಲೆ ತಮ್ಮೊಬ್ಬರಿಗೇ ಸಿದ್ಧಿಸಿದ್ದು ಎಂದು ಒಪ್ಪಿಕೊಳ್ಳದೆ ವಿಧಿಯಿಲ್ಲ. ಅತ್ತೆ ಅಡುಗೆಮನೆಗೆ ಹೋಗಿ ಬನ್ನು ಬೇಯಿಸುವ ತಗಡಿನ ತಟ್ಟೆ ತಂದಳು, ಅದರ ಅಂಚು ಕತ್ತರಿಸಿ ಬಗ್ಗಿಸಿ ಒಂದು ಎತ್ತರದ ಪೀಠ ಮಾಡಿದೆವು, ಡಬ್ಬಿಯನ್ನು ಅದರ ಮೇಲೆ ಪ್ರತಿಷ್ಠಾಪಿಸಿದೆವು, ಹೊಸ ಕೊಳವೆ ಹಾಕಿ ಹೊಸ ಕ್ಲಿಪ್ಪು ಬಿಗಿದೆವು. ಮುಂದಿನ ಶನಿವಾರ ಬನ್ನುಗಳು ತುಸು ಸುಟ್ಟಿದ್ದವು, ಯಾಕೆಂದರೆ ಅವುಗಳನ್ನು ಬಾಣಲೆಯಲ್ಲಿ ಬೇಯಿಸಲಾಗಿತ್ತು. ತೂರ್‌ಸ್ಟೆನ್ ಅವರು ಅದರ ಬಗ್ಗೆಯೂ ಉಪದೇಶ ಕೊಟ್ಟರು.

ಇಲ್ಲಿಯವರೆಗಿನದು ದೂರಲ್ಲ, ಪೀಠಿಕೆ. ದೂರು ಈಗ ಬರುತ್ತದೆ.

ರೇಸಿನ ಹಿಂದಿನ ದಿನ ಅತ್ತೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳಿದಳು. ಓಡಿಸುವುದರ ಪಾಠವಲ್ಲ, ಇಳಿಯುವುದರ ಪಾಠ. "ನೋಡು ಪುಟ್ಟಿ, ಓಟ ಮುಗಿದ್ಮೇಲೆ ಕಾರಿಂದ ನಗ್ತಾ ಇಳೀಬಾರ್ದು. ಭುಜ ಹಿಡ್ಕೊಂಡು ಇಳಿ. ಅಯ್ಯೋ ಕೈ ಬಿದ್ಹೋಯ್ತು ಅನ್ನು. ಟೈರಿಗೊಂದು ಒದೆ ಕೊಡು. ಚೀಟಿ ಪೆಟ್ಟಿಗೆ ಮುಚ್ಚೋ ತನಕ ಮುಖ ಹರಳೆಣ್ಣೆ ಕುಡಿದೋರ ಹಾಗೆ ಇರ್ಬೇಕು." ಇದು ನಮ್ಮ ಕ್ಲಬ್ಬಿನಲ್ಲಿ ಸಾಮಾನ್ಯ ಶಿಷ್ಟಾಚಾರ. ಗೆದ್ದವರು ಕುಂಟುತ್ತಾ ಇಳಿಯುತ್ತಾರೆ, ಸೋತವರು ನಗುತ್ತಾ ಇಳಿಯುತ್ತಾರೆ. ಹೊರಗಿನವರು ನೋಡಿದರೆ ಫಲಿತಾಂಶವನ್ನು ತಲೆಕೆಳಗಾಗಿ ತಿಳಿದುಕೊಂಡಾರು. ನಾನು ಕನ್ನಡಿಯ ಮುಂದೆ ನಿಂತು ಹರಳೆಣ್ಣೆ ಮುಖವನ್ನು ಅಭ್ಯಾಸ ಮಾಡಿದೆ. ಚೆನ್ನಾಗಿಯೇ ಬರುತ್ತಿತ್ತು, ಪರೀಕ್ಷೆಯ ದಿನಗಳ ಮುಖವೇ ಅದು.

ಆದರೆ ತಾವು ಆ ದಿನ ಏನು ಮಾಡಿದಿರಿ? ತಮ್ಮ ಇಡೀ ವಸಂತದ ಚರಿತ್ರೆಯನ್ನು ಮರೆತು, ಒಂದೇ ಒಂದು ನರಳಿಕೆ ಇಲ್ಲದೆ, ಬೆಣ್ಣೆಯಲ್ಲಿ ಚಮಚ ಆಡಿಸಿದ ಹಾಗೆ ತಿರುಗಿದಿರಿ. ಕೆರೆ ಪಕ್ಕದ ಆ ತಿರುವಿನಲ್ಲಿ, ಅಲ್ಲಿ ಜಲ್ಲಿ ಅಷ್ಟು ಆಳ, ದೊಡ್ಡ ದೊಡ್ಡ ತೋಳಿನವರೆಲ್ಲ ಚಕ್ರದ ಜೊತೆ ಕುಸ್ತಿ ಆಡುತ್ತಿದ್ದಾಗ ನಾನು ಒಳಗಿನಿಂದ ನುಸುಳಿ ಮುಂದೆ ಹೋದೆ, ಭಯದಲ್ಲಿ ಕಣ್ಣು ಅರ್ಧ ಮುಚ್ಚಿತ್ತು, ಆದರೂ ಹೋದೆ. ಗೆಲ್ಲಲಿಲ್ಲ. ಎರಡನೆಯವಳಾಗಿ ಬಂದೆ. ಮೊದಲ ಓಟದಲ್ಲೇ ಎರಡನೆಯ ಸ್ಥಾನ! ಹಾಸ್ಟೆಲ್ಲಿನ ಕ್ರೀಡಾಕೂಟದಲ್ಲಿ ನನಗೆ ಸಿಕ್ಕಿದ್ದ ಒಂದೇ ಒಂದು ಪ್ರಶಸ್ತಿ ಸದ್ವರ್ತನೆಗೆ. ತಮ್ಮ ನಯ, ತಮ್ಮ ಮೌನ, ತಮ್ಮ ವಿಧೇಯತೆ, ಇವುಗಳನ್ನು ಎಷ್ಟು ಹೊಗಳಿದರೂ ಸಾಲದು; ಅದೇ ನನ್ನ ಆರೋಪ. ಅರ್ಧ ಓಟದಲ್ಲಾದರೂ ಒಂದು ಚೂರು ಕೆಮ್ಮಬಾರದಿತ್ತೇ? ನಾಲ್ಕು ಜನರಿಗೆ ಕೇಳುವ ಹಾಗೆ ಒಂದು ಉಸ್ಸಪ್ಪಾ ಎನ್ನಬಾರದಿತ್ತೇ?

ಓಟ ಮುಗಿಸಿ ಬಯಲಿಗೆ ಬಂದು ಕಾರು ನಿಲ್ಲಿಸಿದೆ. ಅತ್ತೆ ದೂರದಿಂದಲೇ ತನ್ನ ಭುಜ ಮುಟ್ಟಿ ತೋರಿಸುತ್ತಾ ಬರುತ್ತಿದ್ದಳು. ನಾನು ಹರಳೆಣ್ಣೆ ಮುಖಕ್ಕೆ ಸಿದ್ಧಳಾಗುತ್ತಿದ್ದೆ. ಅಷ್ಟರಲ್ಲಿ ಕ್ಲಬ್ಬಿನ ಕಾರ್ಯದರ್ಶಿ ಮೈ-ಲೀಸ್ ಅಮ್ಮ ಕಿಟಕಿಗೆ ಬಂದು, ಅಜ್ಜಿಯ ಅಕ್ಕರೆಯಿಂದ, "ಸ್ಟೀರಿಂಗ್ ಸರಿಹೋಯ್ತೇನಮ್ಮಾ ನಿಂದು? ಪಾಪ, ಎಷ್ಟು ಒದ್ದಾಡಿದ್ರಿ" ಎಂದು ಕೇಳಿದರು. ಅಕ್ಕರೆಯಿಂದ ಕೇಳಿದ ಪ್ರಶ್ನೆಗೆ ಸುಳ್ಳು ಹೇಳುವುದು ಹೇಗೆ, ಮಾನ್ಯರೇ? ನಾನು ಉತ್ತರವಾಗಿ, ಓಡುತ್ತಿದ್ದ ಇಂಜಿನ್ ಆರಿಸದೆ, ಕಿರುಬೆರಳೊಂದನ್ನೇ ಚಕ್ರಕ್ಕೆ ಸಿಕ್ಕಿಸಿ ಎಡದ ತುದಿಯಿಂದ ಬಲದ ತುದಿಯವರೆಗೆ ತಿರುಗಿಸಿ ತೋರಿಸಿದೆ. ತಾವು ತಿರುಗಿದಿರಿ. ಸದ್ದಿಲ್ಲದೆ ತಿರುಗಿದಿರಿ. ಸುತ್ತಲಿನವರು ಸಾಸೇಜು ಅಗಿಯುವುದನ್ನು ನಿಲ್ಲಿಸಿ ನೋಡಿದರು. ಅತ್ತೆ ನಡೆಯುತ್ತಿದ್ದವಳು ನಿಂತುಬಿಟ್ಟಳು.

ಚೀಟಿ ಪೆಟ್ಟಿಗೆ ತೆರೆದಾಗ ಗೆದ್ದ ಕಾರಿಗೆ ಒಂದೂ ಚೀಟಿ ಇರಲಿಲ್ಲ. ಅದರ ಯಜಮಾನರು ಅಷ್ಟು ಚೆನ್ನಾಗಿ ಕುಂಟಿದ್ದರು. ನಮ್ಮ ಕಾರಿಗೆ ಒಂದು ಹಿಡಿ ಚೀಟಿ. ಮೈ-ಲೀಸ್ ಅಮ್ಮ ನನ್ನದೇ ಹೆಲ್ಮೆಟ್ಟು ಕೇಳಿ ಪಡೆದು, ಚೀಟಿಗಳನ್ನು ಅದರಲ್ಲಿ ಕಲಸಿ, ಮುಖ ಬೇರೆ ಕಡೆ ತಿರುಗಿಸಿ ಒಂದನ್ನು ಎತ್ತಿದರು. ಬಂದ ಹೆಸರು ತೂರ್‌ಸ್ಟೆನ್. ತಿಂಗಳುಗಟ್ಟಲೆ ನಮ್ಮ ಬನ್ನು ತಿಂದು ತಮ್ಮನ್ನು ಗುಜರಿಗೆ ಹಾಕಿ ಎಂದು ಹೇಳಿದ ಅದೇ ತೂರ್‌ಸ್ಟೆನ್.

"ಲೋ, ನಾಚಿಕೆ ಆಗಲ್ವೇನೋ ನಿನಗೆ?" ಎಂದಳು ಅತ್ತೆ.

"ಯಾಕಮ್ಮಾ ಗುನ್‌ವೋರ್, ನಿಯಮಾನೇ ಅಲ್ವಾ?" ಎಂದು ಅವರು ಟೋಪಿ ಸರಿ ಮಾಡಿಕೊಂಡು ನನ್ನ ಕಡೆ ತಿರುಗಿದರು. "ಬೇಜಾರ್ ಮಾಡ್ಕೋಬೇಡ ಇಂಗ್ಲೆಂಡು. ಹಸು ಕರು ಹಾಕಿದ್ಮೇಲೆ ಕೇಳೋರು ಬಂದೇ ಬರ್ತಾರೆ."

ನಾನು ಅಭಿನಂದನೆಗಳು ಎಂದೆ. ಆಮೇಲೆ ಸಾರಿ ಎಂದೆ, ಯಾಕೆ ಎಂದು ಗೊತ್ತಿಲ್ಲ. ಅವರು ತಮ್ಮನ್ನು ಟ್ರೇಲರ್ ಮೇಲೆ ಹತ್ತಿಸುವಾಗ ನಾನೇ ಹಿಂದೆ ನಿಂತು ಎಡಕ್ಕೆ, ಇನ್ನೂ ಎಡಕ್ಕೆ ಎಂದು ದಾರಿ ತೋರಿಸಿದೆ. ತಾವು ಒಮ್ಮೆಯಾದರೂ ನರಳುತ್ತೀರೇನೋ ಎಂದು ಕಿವಿ ಕೊಟ್ಟೆ. ಇಲ್ಲ. ಅತ್ತೆ ಪೆಟ್ರೋಲ್ ವಾಸನೆಯ ಕರ್ಚೀಫು ಕೊಟ್ಟು ಹೇಳಿದಳು: "ಅಳ್ಬೇಡ ಪುಟ್ಟಿ. ಈ ಕಾರನ್ನ ನಾನು ತಂದಿದ್ದೂ ಒಬ್ಬನನ್ನ ಅಳಿಸಿಯೇ." ಇದು ಸಮಾಧಾನವೋ ಅಲ್ಲವೋ ನನಗಿನ್ನೂ ತೀರ್ಮಾನವಾಗಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ತಮಗೆ ತೊಂದರೆ ಕೊಡುತ್ತಿರಲಿಲ್ಲ. ಹೋದ ವಾರ ತೂರ್‌ಸ್ಟೆನ್ ಅವರ ಫೋನು ಬಂತು. ಅತ್ತೆಯ ಅಡುಗೆಮನೆಯಲ್ಲಿ ಸ್ಪೀಕರ್ ಹಾಕಿಕೊಂಡು ಮಾತಾಡಿದೆ. "ಇಂಗ್ಲೆಂಡೂ, ಇದು ಮತ್ತೆ ಶುರು ಮಾಡ್ಕೊಂಡಿದೆಯಲ್ಲ! ನಮ್ಮ ಹಸುಗಳು ಮೇಯೋದು ಬಿಟ್ಟು ಕೊಟ್ಟಿಗೆ ಕಡೆ ನೋಡ್ತವೆ." ಏನಾದರೂ ಬದಲಾಯಿಸಿದಿರಾ ಎಂದು ಕೇಳಿದೆ. ಮೂತಿಗೆ ದಪ್ಪದೊಂದು ಕಬ್ಬಿಣದ ಪಟ್ಟಿ ಹಾಕಿಸಿದರಂತೆ, ಅದಕ್ಕೆ ಜಾಗ ಬೇಕಾಯಿತಂತೆ, "ಅಲ್ಲೊಂದು ಬನ್ ತಟ್ಟೆ ಚೂರು ಸಿಕ್ಕಿಸಿದ್ರಲ್ಲ, ನೋಡಿ ನಗು ಬಂತು, ಕಿತ್ತು ಹಾಕಿ ಡಬ್ಬೀನ ಮೊದಲಿನ ಗೂಡಲ್ಲೇ ಇಟ್ಟೆ" ಎಂದರು.

ಅತ್ತೆ ಒಲೆಯ ಪಕ್ಕದಿಂದ ಎರಡೂ ಕೈಯಲ್ಲಿ, ಮೇಲೇಳದ ಭುಜವನ್ನೂ ಮೇಲೆತ್ತಿ, ಹೇಳಬೇಡ ಹೇಳಬೇಡ ಎಂದು ಸನ್ನೆ ಮಾಡುತ್ತಿದ್ದಳು. ಅವಳ ಲೆಕ್ಕ ನನಗೆ ಅರ್ಥವಾಗುತ್ತಿತ್ತು. ಮುಂದಿನ ರೇಸಿನಲ್ಲಿ ತೂರ್‌ಸ್ಟೆನ್ ಅವರ ಕಾರೂ ನಿಯಮದ ಪ್ರಕಾರ ಮಾರಾಟಕ್ಕಿದ್ದಂತೆಯೇ, ಚೀಟಿ ಹಾಕುವ ಹಕ್ಕು ಈಗ ನನಗಿದೆ. ಕಾರು ನರಳುತ್ತಿದ್ದರೆ ಬೇರೆ ಯಾರೂ ಅದರ ಹತ್ತಿರ ಸುಳಿಯುವುದಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ನೀಲಿ ಕಾರು ಮನೆಗೆ ಬಂದಂತೆ. ಆದರೆ ನೊರೆ ಎಣ್ಣೆಯಲ್ಲಿ ಪಂಪನ್ನು ಹಾಗೇ ಓಡಿಸುತ್ತಾ ಹೋದರೆ ಅದು ಒಳಗೊಳಗೇ ಸವೆದು ಹಾಳಾಗುತ್ತದೆ ಎಂಬುದೂ ನನಗೆ ಗೊತ್ತಿತ್ತು. ಕಾರು ಸಿಗಲಿ ಎಂದು ತಾವು ಸಾಯುವುದನ್ನು ನೋಡುತ್ತಾ ಕೂರುವುದೇ? "ಡಬ್ಬೀನ ಪಂಪಿಗಿಂತ ಮೇಲೆ ಕಟ್ಟಿ" ಎಂದುಬಿಟ್ಟೆ. "ಗಾಳಿ ಎಳೀತಾ ಇದೆ. ಹಾಗೇ ಓಡಿಸ್ಬೇಡಿ, ಪಂಪು ಹೋಗುತ್ತೆ."

ಆ ಕಡೆ ಅವರು ಯಾರಿಗೋ ಸ್ಪ್ಯಾನರ್ ತಾ ಎಂದು ಕೂಗಿದ್ದು ಕೇಳಿಸಿತು. ಆಮೇಲೆ, "ಮುಂದಿನ ಸಲ ನೀನೂ ಚೀಟಿ ಹಾಕ್ತೀಯಲ್ವೇನೇ?"

"ಹೂಂ. ಸಾರಿ."

"ಮತ್ತೆ ಯಾಕ್ ಹೇಳ್ದೆ?"

"ನೀವು ಕೇಳಿದ್ರಲ್ಲ..."

ಅವರು ನಕ್ಕು ಫೋನಿಟ್ಟರು. ಅತ್ತೆ ಒಲೆಯ ಮೇಲಿನ ಕಾಫಿ ಉಕ್ಕುತ್ತಿದ್ದರೂ ತಿರುಗಿ ನೋಡಲಿಲ್ಲ. "ಅಷ್ಟು ಫೀಸು ತಗೊಂಡ್ರಲ್ಲ ನಿಮ್ಮ ಹಾಸ್ಟೆಲ್ಲಿನೋರು, ಸುಳ್ಳು ಹೇಳೋದಕ್ಕೆ ಒಂದು ಕ್ಲಾಸಾದ್ರೂ ಇಡಬಾರ್ದಿತ್ತಾ?" ಎಂದು ಬನ್ನಿನ ಬಾಣಲೆಯನ್ನು ಕುಕ್ಕಿದಳು. ಆಮೇಲೆ ನನ್ನ ತಟ್ಟೆಗೆ ಎರಡು ಬನ್ನು ಹಾಕಿದಳು, ಸುಡದೇ ಇದ್ದವನ್ನು ಹುಡುಕಿ.

ಹೀಗಾಗಿ, ಮಾನ್ಯರೇ, ನನ್ನ ಕೈಯಲ್ಲಿದ್ದ ಒಂದೇ ಉಪಾಯವನ್ನು ನಾನೇ ಫೋನಿನಲ್ಲಿ ಕೊಟ್ಟುಬಿಟ್ಟಾಗಿದೆ. ಇನ್ನು ತಾವೇ ಗತಿ. ಆದ್ದರಿಂದ ಕೆಳಗಿನ ಬೇಡಿಕೆಗಳನ್ನು, ಯಂತ್ರಶಾಸ್ತ್ರದ ಪ್ರಕಾರ ಇವು ಅಸಾಧ್ಯವೆಂದು ಪರೀಕ್ಷೆಯಲ್ಲಿ ಬರೆದು ಪಾಸಾಗಿರುವವಳಾದರೂ, ತಮ್ಮ ಮುಂದಿಡುತ್ತಿದ್ದೇನೆ. ಓಟ ನಡೆಯುವಾಗ ತಾವು ನರಳಬಾರದು. ತೂರ್‌ಸ್ಟೆನ್ ಅವರಿಗೂ ವಯಸ್ಸಾಗಿದೆ, ಅವರ ಭುಜಕ್ಕೆ ತೊಂದರೆ ಕೊಡಬೇಡಿ, ಸಾಧ್ಯವಾದರೆ ಗೆಲ್ಲಿಸಿಯೂ ಕೊಡಿ. ಆದರೆ ಕಪ್ಪು ಬಿಳಿ ಬಾವುಟ ಬಿದ್ದ ಗಳಿಗೆಯಿಂದ ಚೀಟಿ ಪೆಟ್ಟಿಗೆ ಮುಚ್ಚುವವರೆಗೆ, ಗಾಳಿಯ ಒಂದು ಗುಳ್ಳೆಯೂ ಇಲ್ಲದೆ, ಪಂಪಿಗೆ ಒಂದು ಗೀರೂ ಬೀಳದ ಹಾಗೆ, ಕೇವಲ ಅಭಿನಯದಿಂದ, ಬಯಲಿಗೆಲ್ಲ ಕೇಳುವಂತೆ ನರಳಬೇಕು. ಎಲ್ಲರ ಎದುರು ಗಟ್ಟಿಯಾಗಿ ಬಿಗಿದುಕೊಳ್ಳಬೇಕು, ಯಾರಾದರೂ ಕಿರುಬೆರಳು ತಂದರೆ ಅದನ್ನು ಉಳುಕಿಸಬೇಕು. ಕೆಂಪು ನೊರೆಯನ್ನು ತುಸು ಉಕ್ಕಿಸಿದರೆ ಇನ್ನೂ ಶೋಭೆ. ಯಾರ ಹೊಸ ಕೋಟಾದರೂ ಹತ್ತಿರದಲ್ಲಿದ್ದರೆ ಸಂಕೋಚ ಬೇಡ.

ಇದನ್ನು ಕೇಳಿ ತೂರ್‌ಸ್ಟೆನ್ ಅವರಿಗೆ ದ್ರೋಹವಾಯಿತೆಂದು ತಾವು ಅಂಜಬೇಕಾಗಿಲ್ಲ. ಅವರ ಇಚ್ಛೆಯೂ ಅದೇ. ಕಾರು ಸರಿ ಇದೆ ಎಂದು ಜನಕ್ಕೆ ಗೊತ್ತಾದರೆ ಅವರ ಕೈಯಿಂದಲೂ ಅದು ಹೋಗುತ್ತದೆಯಲ್ಲ! ಮೊನ್ನೆ ಅವರು ಕೊಟ್ಟಿಗೆಯ ಹಿಂದೆ ಭುಜ ಹಿಡಿದುಕೊಂಡು ಕುಂಟುವುದನ್ನು ಅಭ್ಯಾಸ ಮಾಡುತ್ತಿದ್ದರೆಂದು ಅತ್ತೆಗೆ ಸುದ್ದಿ ಬಂದಿದೆ. ಕೊಳ್ಳಲು ಬಂದವರೂ ಮಾರಬೇಕಾದವರೂ ಒಂದೇ ನರಳಿಕೆಗಾಗಿ ಹೀಗೆ ಒಟ್ಟಿಗೆ ಪ್ರಾರ್ಥಿಸುವುದು ತಮ್ಮಂಥ ಮಹನೀಯರ ಬದುಕಿನಲ್ಲಿ ಮತ್ತೆ ಬಾರದ ಗೌರವ. ವ್ಯತ್ಯಾಸವೊಂದೇ. ತಾವು ನರಳುವುದನ್ನು ಕೇಳಿ ಎಲ್ಲರೂ ದೂರ ಸರಿಯುತ್ತಾರೆ, ತೂರ್‌ಸ್ಟೆನ್ ಅವರು ನೆಮ್ಮದಿಯಿಂದ ಉಸಿರು ಬಿಡುತ್ತಾರೆ. ಆಗ ನಾನು ಹೋಗಿ ಚೀಟಿ ಹಾಕುತ್ತೇನೆ. ನರಳುವ ಕಾರು ಬೇಕೆನ್ನುವವರು ಆ ಬಯಲಿನಲ್ಲಿ ನಾನೊಬ್ಬಳೇ ಇರುತ್ತೇನೆ. ಚೀಟಿ ಒಂದೇ ಆದ್ದರಿಂದ ಹೆಲ್ಮೆಟ್ಟೂ ಬೇಕಾಗುವುದಿಲ್ಲ.

ತಮ್ಮ ನರಳಿಕೆಯನ್ನೂ ಮೌನವನ್ನೂ ಸಮನಾಗಿ ಬಲ್ಲ,
ತಮ್ಮ ವಿಶ್ವಾಸಿ,
ಎಡಿತ್ ಹೆಡ್‌ಲುಂಡ್

ತಾ.ಕ.: ಈ ಫಲಕದ ಮುಂದೆ ನಿಂತು ಪರರ ಪತ್ರವನ್ನು ಕೊನೆಯವರೆಗೂ ಓದಿರುವ ತೂರ್‌ಸ್ಟೆನ್ ಅವರ ಗಮನಕ್ಕೆ: ತಾವು ಎಡಗಾಲು ಕುಂಟುತ್ತಾ ಬಲಭುಜ ಹಿಡಿದುಕೊಳ್ಳುತ್ತೀರಂತೆ, ಯಾರೂ ನಂಬುವುದಿಲ್ಲ, ಅತ್ತೆ ಪಾಠ ಹೇಳಿಕೊಡಲು ಸಿದ್ಧಳಿದ್ದಾಳೆ, ಬನ್ನು ಮಾತ್ರ ಇನ್ನು ಮುಂದೆ ತಾವೇ ತರಬೇಕಂತೆ. ಪವರ್ ಸ್ಟೀರಿಂಗ್ ಅವರಿಗೆ ಓದಲು ಬರುವುದಿಲ್ಲವಾದ್ದರಿಂದ, ದಯವಿಟ್ಟು ಈ ಪತ್ರವನ್ನು ಅವರಿಗೆ ಓದಿ ಹೇಳಿ. ರೇಸು ಬರುವ ಶನಿವಾರ. ಅದಕ್ಕೆ ಮೊದಲೇ ಬೇಗ ಉತ್ತರ ಕೊಡಿ.